ಮೂಗು ಮಾಸ್ತರರ ಹನ್ನೊಂದು ತಿಂಗಳ ಮೌನ

ಮೂಗು ಮಾಸ್ತರರು ನಮ್ಮ ಊರಿನ ಮೇಲೆ ದಂಡೆತ್ತಿ ಬಂದದ್ದು ಒಂದು ಭಾನುವಾರ, ಬೆಳಗಿನ ಹತ್ತೂಕಾಲರ ಬಸ್ಸಿನಲ್ಲಿ. ಅವರ ಚತುರಂಗ ಬಲವೆಂದರೆ ಎರಡು ಬಟ್ಟೆಚೀಲ, ಒಂದು ಪ್ಲಾಸ್ಟಿಕ್ ಬಕೆಟ್ಟು, ಮತ್ತು ಬಸ್ಸಿನ ತಲೆಯ ಮೇಲೆ ಹಗ್ಗದಿಂದ ಬಿಗಿದಿದ್ದ ಆಳುದ್ದದ ಒಂದು ಗುದ್ದುಚೀಲ. ಅದನ್ನು ಇಳಿಸುವುದನ್ನು ಕಂಡು ನಿಲ್ದಾಣದ ಪೊಲೀಸಿನವನು ಓಡಿ ಬಂದ.

"ಒಳಗೆ ಯಾರು?"

"ಹಳೇ ಬಟ್ಟೆ," ಎಂದರು ಮಾಸ್ತರರು.

ಪೊಲೀಸಿನವನಿಗೆ ನಂಬಿಕೆ ಬರಲಿಲ್ಲ. ಚೀಲಕ್ಕೆ ಒಂದು ಗುದ್ದು ಹಾಕಿ ನೋಡಿದ.

"ಮೊಣಕೈ ಒಳಗಿರಲಿ," ಎಂದರು ಮಾಸ್ತರರು. ಊರಿಗೆ ಕಾಲಿಟ್ಟು ಎರಡು ನಿಮಿಷ ಆಗಿರಲಿಲ್ಲ, ಮೊದಲ ಶಿಷ್ಯ ಸಿಕ್ಕಿಬಿಟ್ಟಿದ್ದ.

ಇಷ್ಟನ್ನೂ ನಾನು ಕೂತಲ್ಲಿಂದಲೇ ನೋಡಿದೆ. ನನ್ನ ಔಷಧದ ಅಂಗಡಿ ಬಸ್ ನಿಲ್ದಾಣದ ಎದುರಿಗಿದೆ. ಊರಿಗೆ ಬರುವ ತಲೆನೋವುಗಳೆಲ್ಲ ಮೊದಲು ನನ್ನ ಕಣ್ಣಿಗೆ ಬೀಳುತ್ತವೆ. ಆ ಮನುಷ್ಯನ ಮೂಗು ಮೂರು ಸಲ ಮುರಿದಿತ್ತು. ಮೊದಲ ಸಲ ಬಲಕ್ಕೆ ಹೋಗಿತ್ತು, ಎರಡನೇ ಸಲ ಎಡಕ್ಕೆ. ಮೂರನೇ ಸಲ ಎತ್ತ ಹೋಗಬೇಕೆಂದು ತೋಚದೆ ಇದ್ದಲ್ಲೇ ಕೂತುಬಿಟ್ಟಿತ್ತು. ಸಂಜೆಯೊಳಗೆ ಊರು ಅವರಿಗೆ ಹೆಸರಿಟ್ಟಾಗಿತ್ತು. ಎದುರಿಗೆ 'ಮಾಸ್ತರೇ', ಬೆನ್ನ ಹಿಂದೆ 'ಮೂಗು ಮಾಸ್ತರು'.

ಅವರನ್ನು ಕರೆಸಿದ್ದು ನಮ್ಮ ಕ್ರೀಡಾ ಸಂಘದ ಅಧ್ಯಕ್ಷರು. ಅಧ್ಯಕ್ಷರು ಬಣ್ಣದ ವ್ಯಾಪಾರಿ. ಜೀವಮಾನದಲ್ಲಿ ಅವರು ಗುದ್ದಿದ್ದು ಬಣ್ಣದ ಡಬ್ಬದ ಮುಚ್ಚಳವನ್ನು ಮಾತ್ರ. ಪಕ್ಕದ ಊರಿಗೆ ಈಜಿನಲ್ಲಿ ಪದಕ ಬಂದ ದಿನದಿಂದ ಅವರಿಗೆ ನಿದ್ದೆ ಇರಲಿಲ್ಲ. "ಈಜಿಗೆ ಕೊಳ ಬೇಕು, ಓಟಕ್ಕೆ ಮೈದಾನ ಬೇಕು. ಗುದ್ದಾಟಕ್ಕೆ ಜಗಳಗಂಟರಿದ್ದರೆ ಸಾಕು. ಅವರಿಗೇನು ನಮ್ಮಲ್ಲಿ ಬರವೇ?" ಎಂದು ಸಭೆಯಲ್ಲಿ ಗುಡುಗಿ, ಬಾಕ್ಸಿಂಗ್ ಕಲಿಸುವವರು ಬೇಕೆಂದು ಪತ್ರಿಕೆಯಲ್ಲಿ ಹಾಕಿಸಿದ್ದರು.

ಮಾಸ್ತರರಿಗೆ ಸಿಕ್ಕ ರಣರಂಗ, ಹಾಸಿಗೆ ಅಂಗಡಿಯವನ ಖಾಲಿ ಗೋದಾಮು. ತಗಡಿನ ಮಾಡು, ಕೈಗೆಟುಕದ ಎತ್ತರದಲ್ಲಿ ಎರಡು ಕಿಟಕಿ, ಮೂಲೆಯಲ್ಲಿ ಯಾರೂ ಕೊಳ್ಳದ ಹನ್ನೆರಡು ಹಾಸಿಗೆ. ಹಿಂದುಗಡೆ ಒಂದು ಕೋಣೆ, ಅದು ಅರಮನೆ. ರಿಂಗಿಗೆ ಹಗ್ಗ ಇರಲಿಲ್ಲವಾದ್ದರಿಂದ ನೆಲದ ಮೇಲೆ ಸುಣ್ಣದಲ್ಲಿ ಚೌಕ ಬರೆದರು. ಮೊದಲ ವಾರ ಇಪ್ಪತ್ತಮೂರು ಜನ ಶಿಷ್ಯರು ಸೇರಿದರು. ಹತ್ತಿಯ ಧೂಳಿಗೆ ಅವರು ಗುದ್ದಿದ್ದಕ್ಕಿಂತ ಸೀನಿದ್ದೇ ಹೆಚ್ಚು. ನನ್ನಲ್ಲಿ ಶೀತದ ಮಾತ್ರೆ ಖಾಲಿಯಾಯಿತು. ತಿಂಗಳು ಕಳೆಯುವ ಹೊತ್ತಿಗೆ ಉಳಿದವರು ನಾಲ್ವರು.

ಶಿಷ್ಯರು ಕರಗಲು ಇನ್ನೊಂದು ಕಾರಣವೂ ಇತ್ತು. ಮಾಸ್ತರರು ಬಾಯಿ ಬಿಡುತ್ತಿರಲಿಲ್ಲ. ಪೊಲೀಸಿನವನಿಗೆ ಹೇಳಿದ ಆ ಮಾತೇ ಕೊನೆ. ಗೋದಾಮಿನೊಳಗೆ ಹೊಕ್ಕರೆ ಗೋಡೆ ಮಾತಾಡೀತು, ಅವರಲ್ಲ. ಕೈಯಲ್ಲೊಂದು ಕೋಲು. ನೆಲಕ್ಕೆ ಒಂದು ಸಲ ಕುಟ್ಟಿದರೆ ಎಡಗೈ, ಎರಡು ಸಲ ಕುಟ್ಟಿದರೆ ಬಲಗೈ, ಕೆರೆದರೆ ಕಾಲು. ಬೈಗುಳವಿಲ್ಲದ ಗುರುವನ್ನು ಕಂಡು ಶಿಷ್ಯರಿಗೆ ಗಾಬರಿಯಾಯಿತು. ಗಂಟಲಿಗೆ ಏನೋ ದೊಡ್ಡ ಕಾಯಿಲೆಯಂತೆ ಎಂದು ಸುದ್ದಿ ಹಬ್ಬಿತು. ನಾನು ಮಾನವೀಯತೆಯಿಂದ ಒಂದು ಡಬ್ಬಿ ಚೀಪುವ ಮಾತ್ರೆ ಕಳಿಸಿಕೊಟ್ಟೆ. ಮರುದಿನ ಅದನ್ನು ಹಿಂದಿರುಗಿಸಲು ಅವರೇ ಬಂದರು.

"ಗಂಟಲು ಸರಿಯಾಗೇ ಇದೆ," ಎಂದರು. "ಅದೇ ತೊಂದರೆ."

ಸ್ಟೂಲು ಎಳೆದು ಕೂತು ಕತೆ ಹೇಳಿದರು. ಔಷಧದ ಅಂಗಡಿಯವನ ಮುಂದೆ ಜನ ಹೇಳದೇ ಇರುವುದು ಏನೂ ಇಲ್ಲ.

ಅವರಿಗೆ ಒಬ್ಬಳೇ ಮಗಳು, ಪುಟ್ಟಿ. ಆರನೇ ವಯಸ್ಸಿಗೆ ಅವಳ ಕೈಗೆ ಗ್ಲೌಸ್ ಹಾಕಿದ್ದರು, ಈಗ ಇಪ್ಪತ್ತೊಂದು. ಒಳ್ಳೆಯ ಕಾಲು, ಒಳ್ಳೆಯ ಕಣ್ಣು. ಕೊರತೆ ಒಂದೇ: ಸುಸ್ತಾದರೆ ಎಡಗೈ ಕೆನ್ನೆಯಿಂದ ಕೆಳಗೆ ಜಾರುತ್ತಿತ್ತು, ಬಾಗಿಲು ತೆರೆದಿಟ್ಟು ಮಲಗಿದ ಹಾಗೆ. ಆಗ ಮಾಸ್ತರರು ರಿಂಗಿನ ಮೂಲೆಯಿಂದ "ಪುಟ್ಟೀ, ಕೈ!" ಎಂದು ಕೂಗುತ್ತಿದ್ದರು. ಸುತ್ತು ನಡೆಯುವಾಗ ಮೂಲೆಯಿಂದ ಕೂಗಬಾರದೆಂಬ ನಿಯಮವಿದೆಯಂತೆ, ಪಾಲಿಸಿದವರನ್ನು ಕಂಡವರಿಲ್ಲವಂತೆ. ಕೂಗಿದೊಡನೆ ಕೈ ಮೇಲೇರುತ್ತಿತ್ತು, ಸ್ವಿಚ್ಚು ಒತ್ತಿದರೆ ದೀಪ ಹತ್ತಿದಂತೆ. ಹದಿನೈದು ವರ್ಷ ಹೀಗೇ ನಡೆಯಿತು. 'ಅಪ್ಪನ ಬಾಯಿ, ಮಗಳ ಕೈ' ಎಂದು ಆ ಊರಲ್ಲಿ ಗಾದೆಯೇ ಹುಟ್ಟಿತು. ಒಂದು ಪಂದ್ಯ ಗೆದ್ದು ಮನೆಗೆ ಬಂದ ಸಂಜೆ ಮಗಳು ಕೇಳಿದಳು:

"ಅಪ್ಪಾ, ಗೆದ್ದಿದ್ದು ಯಾರು?"

"ನೀನೇ ಕಣೇ."

"ಸುಳ್ಳು. ರಿಂಗಿನೊಳಗೆ ನನ್ನ ತಲೇಲಿ ನಿಮ್ಮ ಧ್ವನಿ ಬಿಟ್ರೆ ಬೇರೇನೂ ಇರಲ್ಲ. ನನ್ನ ಧ್ವನಿ ಹೇಗಿದೆ ಅಂತ ನಂಗೇ ಗೊತ್ತಿಲ್ಲ. ಒಂದು ವರ್ಷ ಸುಮ್ಮನಿರಿ ಅಪ್ಪಾ. ನನ್ನ ಆಟದ ಬಗ್ಗೆ ಒಂದು ಮಾತೂ ಬೇಡ. ಬರೀ ಅಪ್ಪ ಆಗಿರಿ. ವರ್ಷ ತುಂಬಿದ ದಿನ ನಾನೇ ನಿಮ್ಮ ಮುಂದೆ ಬಂದು ಕೈ ಚಾಚ್ತೀನಿ, ಪಟ್ಟಿ ಕಟ್ಟಿ ಅಂತ."

ಮಾಸ್ತರರು ಒಪ್ಪಿದರು. ಒಪ್ಪುವುದು ಸುಲಭ. ಬರೀ ಅಪ್ಪ ಆಗುವುದು ಹೇಗೆಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಆಟದ ಬಗ್ಗೆ ಮಾತಾಡಬಾರದು ತಾನೇ? ಅವಳು ಹಲ್ಲುಜ್ಜುವಾಗ "ಭುಜ ಸಡಿಲ ಬಿಡು" ಎಂದರು. ತರಕಾರಿ ಹೆಚ್ಚುವಾಗ "ಉಸಿರು ಬಿಡ್ತಾ ಹೊಡಿ" ಎಂದರು. ಮೂರನೇ ವಾರ ಹೆಂಡತಿ ಪತ್ರಿಕೆಯ ಚೂರೊಂದನ್ನು ತಟ್ಟೆಯ ಪಕ್ಕ ಇಟ್ಟರು. "ನೀವು ಇರೋ ಕಡೆ ನಿಮ್ಮ ಮೌನ ಇರಲ್ಲ. ಎಲ್ಲಾದರೂ ದೂರ ಹೋಗಿ ಸುಮ್ಮನಿರಿ. ಹನ್ನೆರಡು ತಿಂಗಳು ತಾನೇ?"

ಹಾಗೆ ಬಂದದ್ದು ಅವರು ನಮ್ಮ ಊರಿಗೆ. "ಇನ್ನೊಂದು ಮಗುವಿನ ತಲೆಯೊಳಗೆ ನಾನು ಹೋಗಿ ಕೂರಬಾರದು ಅಂತ ತೀರ್ಮಾನ ಮಾಡಿದೀನಿ," ಎಂದರು ಎದ್ದು ನಿಂತು. "ಅದಕ್ಕೇ ಕೋಲು." ಚೀಪುವ ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಎರಡು ಉರುಳೆ ಬ್ಯಾಂಡೇಜು ಕೊಂಡು ಹೊರಟರು.

ಗೋದಾಮಿನ ಪಕ್ಕದಲ್ಲಿ ಒಂದು ಇಸ್ತ್ರಿ ಅಂಗಡಿ. ತಾಯಿ, ಮಗಳು. ಮಗಳಿಗೆ ಹತ್ತೊಂಬತ್ತು, ಊರಿಗೆಲ್ಲ ಅವಳು 'ಇಸ್ತ್ರಿ'. ಒಂದು ಸಂಜೆ ಇಸ್ತ್ರಿ ಒಂದು ಬಿಳಿ ಅಂಗಿ ಹಿಡಿದು ಗೋದಾಮಿಗೆ ನುಗ್ಗಿದಳು.

"ನಿಮ್ಮ ಧೂಳೆಲ್ಲ ನಮ್ಮ ಬಟ್ಟೆ ಮೇಲೆ! ಇದನ್ನ ಮೂರನೇ ಸಲ ಉಜ್ಜುತಾ ಇದೀನಿ! ಇದರ ಯಜಮಾನ ನಿಮ್ಮನ್ನ ಬೈತಾನಾ, ನನ್ನ ಬೈತಾನಾ?"

ಮಾಸ್ತರರು ಉತ್ತರ ಕೊಡಲಿಲ್ಲ. ಉತ್ತರ ಕೊಡದವರ ಮೇಲೆ ಬರುವ ಸಿಟ್ಟೇ ಬೇರೆ. ಅವಳು ಪಕ್ಕದಲ್ಲಿ ನೇತಾಡುತ್ತಿದ್ದ ಗುದ್ದುಚೀಲಕ್ಕೆ ಬಲಗೈಯಿಂದ ಒಂದು ಬಿಟ್ಟಳು. ಹತ್ತು ವರ್ಷ ಇಸ್ತ್ರಿ ಪೆಟ್ಟಿಗೆ ತಳ್ಳಿದ ಕೈ ಅದು. ಭುಜದಿಂದ ಹೊರಟದ್ದು ಗೆರೆ ಎಳೆದಂತೆ ನೇರ ಹೋಗಿ ಮುಟ್ಟಿತು. ಚೀಲ ಹಾರಿ ಬಂದು ಮಾಸ್ತರರ ಎದೆಗೆ ಬಡಿದು, ಅವರನ್ನು ಹನ್ನೆರಡು ಹಾಸಿಗೆಗಳ ಮೇಲೆ ಮಲಗಿಸಿತು. ಆ ಹಾಸಿಗೆಗಳು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಮಲಗಿದಲ್ಲಿಂದಲೇ ಮಾಸ್ತರರು ಕೋಲನ್ನು ನೆಲಕ್ಕೆ ಎರಡು ಸಲ ಕುಟ್ಟಿದರು. ಇನ್ನೊಂದು ಸಲ, ಬಲಗೈ!

ಮರುದಿನ ಬಂದದ್ದು ಅವಳ ತಾಯಿ, ಸೊಂಟಕ್ಕೆ ಕೈ ಕೊಟ್ಟು.

"ನಿಮ್ಮ ಮೂಗು ನೋಡಿದ್ರೇನೇ ಗೊತ್ತಾಗುತ್ತೆ ನೀವು ಏನು ಕಲಿಸ್ತೀರ ಅಂತ. ನನ್ನ ಮಗಳ ಮೂಗು ಹಿಂಗಾದ್ರೆ ಯಾರು ಜವಾಬ್ದಾರಿ?"

ಆ ದಿನ ಮಾಸ್ತರರು ಮಾತಾಡಲೇಬೇಕಾಯಿತು. "ಇದು ಮುರಿದಿದ್ದು ಕಲಿಯೋಕೆ ಮುಂಚೆ ತಾಯೀ."

"ಮೂರೂ ಸಲಾನಾ?"

"ನಾನು ನಿಧಾನವಾಗಿ ಕಲಿತೆ."

ತಾಯಿ ನಗು ತಡೆಯಲು ಹೋಗಿ ಸೋತಳು. ಅಂದಿನಿಂದ ಇಸ್ತ್ರಿ ದಿನಾ ಸಂಜೆ ಐದೂವರೆಗೆ ಗೋದಾಮಿನಲ್ಲಿ.

ಮಾಸ್ತರರದು ಒಂದು ಪದ್ಧತಿ ಇತ್ತು, ಅವರ ಗುರುವಿನಿಂದ ಬಂದದ್ದು. ಗ್ಲೌಸಿನೊಳಗೆ ಕೈಗೆ ಉದ್ದನೆಯ ಬಟ್ಟೆಯ ಪಟ್ಟಿ ಸುತ್ತುತ್ತಾರಲ್ಲ, ಅದನ್ನು ಶಿಷ್ಯರು ತಾವೇ ಸುತ್ತಿಕೊಳ್ಳುವ ಹಾಗಿಲ್ಲ. ಗುರುವೇ ಸುತ್ತಬೇಕು. ಮುಗಿದ ಮೇಲೆ ಬಿಚ್ಚುವುದೂ ಅವನೇ. ಕಟ್ಟಿದವನೇ ಬಿಚ್ಚಬೇಕು, ಗೆದ್ದು ಬಂದರೂ ಸೋತು ಬಂದರೂ ಆ ಕೈಯನ್ನು ಅವನೇ ಹಿಡಿದು ನೋಡಬೇಕು, ಎಲ್ಲಿ ಊದಿದೆ, ಎಲ್ಲಿ ತರಚಿದೆ ಅಂತ. ಸುಟ್ಟ ಕಲೆಗಳಿದ್ದ ಇಸ್ತ್ರಿಯ ಬೆರಳುಗಳ ನಡುವೆ ಪಟ್ಟಿ ಹಾಯಿಸುವಾಗ ಮಾಸ್ತರರ ಮುಖ ನೋಡಬೇಕಿತ್ತು. ಒಂದು ಮಾತೂ ಇಲ್ಲ. ಅವಳೇ ಮಾತಾಡುತ್ತಿದ್ದಳು, ಇಬ್ಬರ ಪಾಲಿನದೂ ಸೇರಿಸಿ.

"ಇವತ್ತು ಅಧ್ಯಕ್ಷರ ಪ್ಯಾಂಟು ಬಂದಿತ್ತು ಮಾಸ್ತರೇ. ಸೊಂಟ ನೋಡಿದ್ರೆ ಅದರಲ್ಲಿ ನಮ್ಮ ರಿಂಗು ಹಾಕಬಹುದು." ಮಾಸ್ತರರ ಮೀಸೆ ಅಲುಗುತ್ತಿತ್ತು. ಅಷ್ಟೇ. "ಒಂದ್ಸಲ ಭೇಷ್ ಅಂತಾದ್ರೂ ಅನ್ನಿ. ಅಥವಾ ಬೈರಿ. ಏನಾದ್ರೂ ಅನ್ನಿ." ಮಾಸ್ತರರು ಕೋಲು ಕುಟ್ಟುತ್ತಿದ್ದರು.

ಭಾನುವಾರ ಬೆಳಿಗ್ಗೆ ಅವರ ಹೆಂಡತಿಯ ಫೋನು ಬರುತ್ತಿತ್ತು. ತಗಡಿನ ಮಾಡಿನ ಕೆಳಗೆ ಸಿಗ್ನಲ್ ಸಿಗದೆ ಅವರು ನನ್ನ ಅಂಗಡಿಯ ಕಟ್ಟೆಗೆ ಬರುತ್ತಿದ್ದರು. ಹಳೆಯ ಗುದ್ದುಗಳಿಂದ ಎರಡೂ ಕಿವಿ ಮಂದ, ಹಾಗಾಗಿ ಸ್ಪೀಕರ್ ಹಾಕಿಯೇ ಮಾತು. ಅವರ ಸಂಸಾರದ ಗುಟ್ಟು ಹೀಗೆ ಇಡೀ ಬಸ್ ನಿಲ್ದಾಣಕ್ಕೆ ಸೇರಿದ್ದಾಗಿತ್ತು.

"ಎಡಗೈ ಹೇಗಿದೆ?" ಎಂದು ಇವರು.

"ಎಡಗೈ ಚೆನ್ನಾಗಿದೆ. ಅದರ ಜೊತೆಗಿರೋ ಮಗಳೂ ಚೆನ್ನಾಗಿದ್ದಾಳೆ. ಅವಳ ಬಗ್ಗೆ ಕೇಳಬಾರದಾ?"

"ಅದನ್ನೇ ಕೇಳಿದ್ದು."

ಒಳಗೆಲ್ಲೋ ಮಗಳು ನಕ್ಕ ಸದ್ದು ಕೇಳಿಸುತ್ತಿತ್ತು. ಆ ದಿನವೆಲ್ಲ ಮಾಸ್ತರರ ಕೋಲು ಹಗುರವಾಗಿ ಕುಟ್ಟುತ್ತಿತ್ತು. ಎಂಟು ತಿಂಗಳು, ಒಂಬತ್ತು, ಹತ್ತು. ನನ್ನ ಗೋಡೆಯ ಕ್ಯಾಲೆಂಡರಿನಲ್ಲಿ ವರ್ಷ ತುಂಬುವ ದಿನಕ್ಕೆ ಅವರು ಪೆನ್ನಿನಿಂದ ಗುರುತು ಹಾಕಿದ್ದರು. ಅದೂ ಭಾನುವಾರವೇ.

ಹನ್ನೊಂದನೇ ತಿಂಗಳು ದೊಡ್ಡ ಊರಿನಲ್ಲಿ ಪಂದ್ಯಾವಳಿ ಬಂತು. ನಮ್ಮ ಸೈನ್ಯ ಹೊರಟಿತು: ಮಾಸ್ತರರು, ಇಸ್ತ್ರಿ, ಅವಳ ತಾಯಿ, ಮತ್ತು ಬಕೆಟ್ಟು ಹಿಡಿಯುವ ಮಹಾಪದವಿಗೆ ಆಯ್ಕೆಯಾದ ನಾನು. ಮೂಲೆಯಲ್ಲಿ ನೀರು, ಟವೆಲು, ಹತ್ತಿ ಹಿಡಿದು ನಿಲ್ಲುವವನು ಬೇಕಂತೆ. ಔಷಧದವನಿಗಿಂತ ಯೋಗ್ಯರು ಯಾರು? ಅಧ್ಯಕ್ಷರು ಬಸ್ಸು ಹೊರಡುವ ತನಕ ಭಾಷಣ ಮಾಡಿದರು, ಹೊರಟ ಮೇಲೂ ಮಾಡುತ್ತಿದ್ದರು.

ಮೊದಲ ದಿನದ ಎರಡು ಪಂದ್ಯವನ್ನೂ ಇಸ್ತ್ರಿ ಗೆದ್ದಳು. ಎರಡನೆಯ ಹುಡುಗಿ ಮೂಗು ಹಿಡಿದುಕೊಂಡು ಕೂತದ್ದು ಕಂಡು ತಾಯಿ ನನ್ನ ತೋಳು ಚಿವುಟಿ, "ಅಣ್ಣಾ, ಮೂಗು ನನ್ನ ಮಗಳದಲ್ಲ!" ಎಂದು ಕುಣಿದಳು. ಎರಡನೇ ದಿನ ಬೆಳಿಗ್ಗೆ ಗೋಡೆಗೆ ಸೆಮಿಫೈನಲ್ಲಿನ ಪಟ್ಟಿ ಅಂಟಿಸಿದರು. ಮಾಸ್ತರರು ಕನ್ನಡಕ ಹಾಕಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಐವತ್ತೇಳು ಕಿಲೋ ವಿಭಾಗ, ಎದುರಾಳಿ ಮೊದಲ ದಿನ ಇನ್ನೊಂದು ಸಭಾಂಗಣದಲ್ಲಿ ಗೆದ್ದವಳು. ಇಸ್ತ್ರಿಯ ಎದುರಿಗೆ ಅವರ ಮಗಳು.

"ಪುಟ್ಟಿ ಐವತ್ತನಾಲ್ಕರಲ್ಲಿ ಆಡೋದು ಅಂದಿದ್ರಲ್ಲ?" ಎಂದೆ.

"ಐವತ್ತನಾಲ್ಕಕ್ಕೆ ಇಟ್ಟಿದ್ದು ನಾನು. ಅರೆಹೊಟ್ಟೇಲಿ ಇಟ್ಟಿದ್ದೆ, ಏಳು ವರ್ಷ." ಗೋಡೆಯ ಮೇಲಿನ ಹೆಸರನ್ನು ಬೆರಳಿನಿಂದ ಮುಟ್ಟಿದರು. "ನಾನು ಈ ಕಡೆ ಬಂದ ಮೇಲೆ ಹೊಟ್ಟೆ ತುಂಬ ಊಟ ಮಾಡಿದಾಳೆ."

ಮೂಲೆಯಲ್ಲಿ ಬೇರೆ ಯಾರಾದರೂ ನಿಲ್ಲಲಿ ಎಂದು ನಾನೇ ಹೇಳಿದೆ. ಇಸ್ತ್ರಿ ಕೇಳಲಿಲ್ಲ. "ಬೇರೆಯವರು ಕಟ್ಟಿದ ಕೈಯಿಂದ ನಂಗೆ ಹೊಡೆಯೋಕೆ ಬರಲ್ಲ ಮಾಮ," ಎಂದು ಮಾಸ್ತರರ ಮುಂದೆ ಎರಡೂ ಕೈ ಚಾಚಿ ಕೂತಳು. ಅವರು ಪಟ್ಟಿ ಸುತ್ತತೊಡಗಿದರು.

"ಅವಳ ಕೊರತೆ ಏನು ಮಾಸ್ತರೇ?"

ಪಟ್ಟಿ ನಿಂತಿತು.

"ನೀವು ಹೇಳದಿದ್ರೂ ನಾನು ಹೋಗಿ ಹೊಡೀತೀನಿ. ಆದ್ರೆ ಬೇರೆ ಯಾರೇ ಆಗಿದ್ರೂ ಹೇಳ್ತಿದ್ರಿ ತಾನೇ?"

ಅತ್ತ ದರಿ ಇತ್ತ ಪುಲಿ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಎರಡರ ನಡುವೆ ಬ್ಯಾಂಡೇಜು ಹಿಡಿದು ಕೂತ ಮನುಷ್ಯನನ್ನು ಅವತ್ತು ಕಂಡೆ. ಮಾಸ್ತರರು ಮತ್ತೆ ಪಟ್ಟಿ ಸುತ್ತುತ್ತ, ಅವಳ ಮುಖ ನೋಡದೆ, ಕೈಯನ್ನೇ ನೋಡುತ್ತ ಹೇಳಿದರು: "ಮೂರನೇ ಸುತ್ತು. ಸುಸ್ತಾದಾಗ ಎಡಗೈ ಇಳಿಸ್ತಾಳೆ. ಅಲ್ಲಿ ತನಕ ಕಾದಿರು. ಇಳಿದ ತಕ್ಷಣ ನಿನ್ನ ಬಲಗೈ." ಹನ್ನೊಂದು ತಿಂಗಳಲ್ಲಿ ಅವರು ಅವಳಿಗೆ ಒಟ್ಟಿಗೆ ಅಷ್ಟು ಮಾತು ಹೇಳಿದ್ದು ಅದೇ ಮೊದಲು. ಇಸ್ತ್ರಿಯ ಮುಖ ಅರಳಿತು. ಕಟ್ಟಿ ಮುಗಿಸಿ, ನನ್ನನ್ನು ಪಕ್ಕಕ್ಕೆ ಕರೆದು ಟವೆಲು ಕೈಗೆ ಕೊಟ್ಟರು. "ನಾನು ಬಾಯಿ ತೆರೆದ್ರೆ ಇದನ್ನ ತುರುಕಿಬಿಡಿ. ಮರ್ಯಾದೆ ನೋಡಬೇಡಿ."

ಪುಟ್ಟಿ ಎದುರು ಮೂಲೆಗೆ ಬಂದಳು. ಅಪ್ಪನದೇ ಹಣೆ, ಮೂಗು ಮಾತ್ರ, ಪುಣ್ಯಕ್ಕೆ, ತಾಯಿಯದಿರಬೇಕು. ಅಪ್ಪನನ್ನು ನೋಡಿ ಒಂದು ಕ್ಷಣ ನಿಂತಳು. ಆಮೇಲೆ ತುಟಿಯ ಮೇಲೆ ಗ್ಲೌಸ್ ಇಟ್ಟು ತೋರಿಸಿದಳು, ಮಕ್ಕಳಿಗೆ 'ಸುಮ್ಮನೆ' ಎಂದು ತೋರಿಸುವ ಹಾಗೆ. ನಗುತ್ತಿದ್ದಳು. ಮಾಸ್ತರರೂ ತಮ್ಮ ಬಾಯಿಯ ಮೇಲೆ ಬೆರಳಿಟ್ಟುಕೊಂಡರು.

ಮೊದಲ ಸುತ್ತು ಪುಟ್ಟಿಯದು. ಅವಳು ಸುತ್ತ ಸುಳಿದು ಕುಕ್ಕಿ ಕುಕ್ಕಿ ಹೋಗುತ್ತಿದ್ದಳು. ಎರಡನೆಯದರಲ್ಲಿ ಇಸ್ತ್ರಿ ಅವಳನ್ನು ಹಗ್ಗಕ್ಕೆ ಒತ್ತಿ, ಬಟ್ಟೆಯ ಸುಕ್ಕು ತೆಗೆಯುವ ಹಾಗೆ ಹೊಟ್ಟೆಯ ಮೇಲೆ ಕೆಲಸ ಮಾಡಿದಳು. ಎರಡು ಸುತ್ತೂ ಮಾಸ್ತರರು ಕಲ್ಲು. ಕುರ್ಚಿಯ ಅಂಚನ್ನು ಹಿಡಿದ ಬೆರಳುಗಳು ಮಾತ್ರ ಬಿಳಿಚಿದ್ದವು. ನಾನು ಟವೆಲನ್ನು ಉಂಡೆ ಮಾಡಿ ಸಿದ್ಧವಾಗಿ ಹಿಡಿದಿದ್ದೆ.

ಮೂರನೇ ಸುತ್ತು ಅರ್ಧ ಕಳೆದಿತ್ತು. ಪುಟ್ಟಿ ಬಾಯಿಯಲ್ಲಿ ಉಸಿರಾಡತೊಡಗಿದಳು. ಇಸ್ತ್ರಿ ಕಾಯುತ್ತಿದ್ದಳು, ಪೆಟ್ಟಿಗೆ ಕಾಯಲೆಂದು ನಿಂತಂತೆ, ಆತುರವಿಲ್ಲದೆ. ಆಗ ಇಳಿಯಿತು ಆ ಎಡಗೈ. ಸ್ವಲ್ಪವೇ, ಕೆನ್ನೆಯಿಂದ ಭುಜಕ್ಕೆ. ಇಸ್ತ್ರಿಯ ಬಲ ಭುಜ ಹಿಂದಕ್ಕೆ ಸರಿಯಿತು. ನಾನು ಏನು ಮಾಡುತ್ತಿದ್ದೆ ಎಂದು ಕೇಳಿದರೆ, ಆ ಗುದ್ದು ಎಲ್ಲಿ ಬೀಳುವುದೋ ಎಂದು ನನ್ನದೇ ಬಾಯಿ ತೆರೆದುಕೊಂಡು ನೋಡುತ್ತಿದ್ದೆ.

"ಪುಟ್ಟೀ, ಕೈ!"

ಆ ಕೂಗಿಗೆ ಇಡೀ ಸಭಾಂಗಣ ತಿರುಗಿತು. ಕೈ ಮೇಲೇರಿತು, ಸ್ವಿಚ್ಚು ಒತ್ತಿದರೆ ದೀಪ ಹತ್ತಿದಂತೆ. ಇಸ್ತ್ರಿಯ ಗುದ್ದು ಗ್ಲೌಸಿಗೆ ಬಡಿದು ಸತ್ತಿತು; ಅವಳು ಮುಂದಕ್ಕೆ ಬಾಗಿದ್ದಳು; ಪುಟ್ಟಿಯ ಬಲಗೈ ಅವಳ ದವಡೆಗೆ ಬಿತ್ತು. ಬೀಳಲಿಲ್ಲ ಇಸ್ತ್ರಿ. ನಿಂತಲ್ಲೇ ತಿರುಗಿ ನಮ್ಮ ಮೂಲೆಯನ್ನು ನೋಡಿದಳು. ನೋಡಬಾರದಿತ್ತು. ಇನ್ನೆರಡು ಬಿದ್ದವು.

ಐವರು ತೀರ್ಪುಗಾರರಲ್ಲಿ ಮೂವರು ಪುಟ್ಟಿಗೆ, ಇಬ್ಬರು ಇಸ್ತ್ರಿಗೆ. ರೆಫ್ರಿ ಪುಟ್ಟಿಯ ಕೈ ಎತ್ತಿದಾಗ ಅವಳು ಅದನ್ನು ಬೇರೆಯವರ ಕೈಯ ಹಾಗೆ ನೋಡುತ್ತಿದ್ದಳು. ನನ್ನ ಕೈಯಲ್ಲಿ ಟವೆಲು ಒಣಗಿಕೊಂಡೇ ಇತ್ತು.

ಇಸ್ತ್ರಿ ಮೂಲೆಗೆ ಬಂದಳು. ತಾಯಿ ಗ್ಲೌಸ್ ಕಳಚಿದಳು. ಮಾಸ್ತರರು ಪಟ್ಟಿ ಬಿಚ್ಚಲು ಕೈ ಚಾಚಿದರು. ಇಸ್ತ್ರಿ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ನನ್ನ ಕೈ ನಾನೇ ಬಿಚ್ಕೋತೀನಿ ಮಾಸ್ತರೇ."

"ಮಗಳೇ, ನಾನು ಬೇಕೂಂತ..."

"ಬೇಕೂಂತ ಅಲ್ಲ, ಗೊತ್ತು. ಅದಕ್ಕೇ." ದವಡೆ ಊದಿ ಮಾತು ತೊದಲುತ್ತಿತ್ತು. "ಹನ್ನೊಂದು ತಿಂಗಳಲ್ಲಿ ನನಗೋಸ್ಕರ ಒಂದ್ಸಲನಾದ್ರೂ ಹಾಗೆ ಕೂಗಿದ್ರಾ?"

ಹಲ್ಲಿನಿಂದ ಪಟ್ಟಿಯ ತುದಿ ಕಚ್ಚಿ ಎಳೆಯುತ್ತ ಹೋದಳು. ತಾಯಿ ಅವಳ ಹಿಂದೆ ಹೋದಳು.

ಮಾಸ್ತರರು ಹೊರಗಿನ ನಲ್ಲಿಯ ಹತ್ತಿರ ಕೂತು ಬಕೆಟ್ಟು ತೊಳೆಯತೊಡಗಿದರು. ತೊಳೆದದ್ದನ್ನೇ ತೊಳೆದರು. ಪುಟ್ಟಿ ಅಲ್ಲಿಗೆ ಬಂದಳು.

"ಅಪ್ಪಾ."

"ಚೆನ್ನಾಗಿ ಆಡಿದೆ ಕಣೇ."

"ಯಾರು ಆಡಿದ್ದು?" ಅವಳ ಕಣ್ಣು ತುಂಬಿತ್ತು. "ಇನ್ನೊಂದು ತಿಂಗಳು ಇತ್ತು ಅಷ್ಟೇ. ಅವಳು ಹೊಡೆದಿದ್ರೆ ಸೋಲು ನಂದಾಗ್ತಿತ್ತು. ಬಿದ್ದಿದ್ರೂ ಎದ್ದಿದ್ರೂ ನಾನು. ಈಗ ಈ ಗೆಲುವನ್ನ ಎಲ್ಲಿಡಲಿ? ನಾನು ಕೈ ಎತ್ತಲಿಲ್ಲ ಅಪ್ಪಾ, ಅದೇ ಎದ್ದಿತು."

"ನನ್ನ ಮಗಳಿಗೆ ಹೊಡೆತ ಬೀಳೋದನ್ನ ನೋಡ್ತಾ ಹೇಗೆ..."

"ಆ ಹುಡುಗಿಗೆ ಬಿದ್ದಿದ್ದನ್ನ ನೋಡಿದ್ರಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಎರಡೇ ಪದದಲ್ಲಿ ಎರಡು ಮುತ್ತು ಒಡೆದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಮರುದಿನದ ಫೈನಲ್ಲಿಗೆ ಇಸ್ತ್ರಿ ಮತ್ತು ತಾಯಿ ಉಳಿಯಲಿಲ್ಲ. ಮೊದಲ ಬಸ್ಸು ಹಿಡಿದಿದ್ದರು. ಮಾಸ್ತರರು ಉಳಿದರು, ನಾನೂ ಉಳಿದೆ. ಕಟ್ಟಕಡೆಯ ಸಾಲಿನಲ್ಲಿ ಒಂದು ಕಂಬದ ಹಿಂದೆ ಕೂತೆವು. ಆಟ ಶುರುವಾಗುವ ಮುನ್ನ ಅವರು ಜೇಬಿನಿಂದ ಹಲ್ಲಿಗೆ ಹಾಕುವ ರಬ್ಬರಿನ ಗಾರ್ಡನ್ನು ತೆಗೆದು ಬಾಯಿಗೆ ತುರುಕಿಕೊಂಡರು. ಅದು ಮಕ್ಕಳ ಅಳತೆಯದು. ಕೆನ್ನೆ ಎರಡೂ ಉಬ್ಬಿ, ಆ ಮೂಗಿನ ಕೆಳಗೆ, ದೇವರಾಣೆಗೂ ನೋಡುವಂತಿರಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಜಾಗ ಬದಲಿಸಿದಳು. ಮೂರನೇ ಸುತ್ತಿನಲ್ಲಿ ಎಡಗೈ ಇಳಿಯಿತು. ಗುದ್ದು ಬಿತ್ತು. ಮತ್ತೆ ಇಳಿಯಿತು, ಮತ್ತೆ ಬಿತ್ತು. ಮಾಸ್ತರರ ಗಂಟಲಿನಿಂದ ಮುಚ್ಚಿದ ಪಾತ್ರೆಯೊಳಗೆ ನೀರು ಕುದಿಯುವ ಸದ್ದು ಬರುತ್ತಿತ್ತು. ಪುಟ್ಟಿ ಸೋತಳು. ರಿಂಗಿನಿಂದ ಇಳಿದವಳು ತನ್ನ ಎಡಗೈಯ ಗ್ಲೌಸಿನಿಂದ ತನ್ನ ಕೆನ್ನೆಯನ್ನೇ ಒಮ್ಮೆ ತಟ್ಟಿಕೊಂಡು, ತಲೆಯಾಡಿಸಿ, ಏನೋ ನೆನಪಿ‌ಟ್ಟುಕೊಂಡವಳ ಹಾಗೆ ನಡೆದು ಹೋದಳು. ಅಪ್ಪ ಸುಮ್ಮನಿದ್ದದ್ದು ಅವಳಿಗೆ ತಿಳಿಯಲೇ ಇಲ್ಲ. ಮಾಸ್ತರರು ಬಾಯಿಂದ ಗಾರ್ಡು ತೆಗೆದಾಗ ಅದು ಎರಡು ತುಂಡಾಗಿತ್ತು.

ಊರಿಗೆ ಬಂದೆವು. "ನಮ್ಮ ಮಾಸ್ತರು ಯಾರ ಮಾಸ್ತರು?" ಎಂದು ಅಧ್ಯಕ್ಷರು ಸಭೆಯಲ್ಲಿ ಕೇಳಿದರು. ಅವರ ಬದಲಿಗೆ ಬರುವವರು ಯಾರೂ ಇರಲಿಲ್ಲ, ಹಾಗಾಗಿ ವಿಷಯ ಅಲ್ಲಿಗೇ ನಿಂತಿತು. ಇಸ್ತ್ರಿ ಗೋದಾಮಿಗೆ ಬರಲಿಲ್ಲ. ಸಂಜೆ ಐದೂವರೆಗೆ ಮಾಸ್ತರರು ಅವಳ ಪಟ್ಟಿಗಳನ್ನು ಉರುಳೆ ಸುತ್ತಿ ಮೊಳೆಗೆ ನೇತುಹಾಕುತ್ತಿದ್ದರು, ಏಳಕ್ಕೆ ತೆಗೆದಿಡುತ್ತಿದ್ದರು. ಆಮೇಲೆ ಅಂಗಿ ಇಸ್ತ್ರಿಗೆ ಕೊಡಲು ಶುರುಮಾಡಿದರು. ಅವರಿಗಿದ್ದದ್ದೇ ಮೂರು ಅಂಗಿ, ದಿನಕ್ಕೊಂದು ಕೊಟ್ಟರು. ಅವಳು ಗೆರೆ ತಪ್ಪದೆ ಉಜ್ಜಿ, ಮಡಚಿ, ಕೊಡುತ್ತಿದ್ದಳು. ಮೊದಲು ಇವರು ಮಾತಾಡುತ್ತಿರಲಿಲ್ಲ. ಈಗ ಅವಳೂ ಇಲ್ಲ. ಕೋಲೂ ಇಲ್ಲ.

ಕ್ಯಾಲೆಂಡರಿನ ಗುರುತಿನ ದಿನ ಬಂತು. ಮಾಸ್ತರರು ಗೋದಾಮು ಗುಡಿಸಿ, ಉಜ್ಜಿದ ಅಂಗಿ ತೊಟ್ಟು, ಪ್ಯಾಂಟಿನ ಜೇಬಿನಲ್ಲಿ ಒಂದು ಜೊತೆ ಹೊಸ ಪಟ್ಟಿ ಇಟ್ಟುಕೊಂಡು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತರು. ಪುಟ್ಟಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಹತ್ತೂಕಾಲರ ಬಸ್ಸು ಬಂತು, ಹನ್ನೆರಡರದು, ಎರಡರದು. ಪ್ರತಿ ಬಸ್ಸಿಗೂ ಎದ್ದು ನಿಂತು, ಎಲ್ಲರೂ ಇಳಿದ ಮೇಲೆ ಕೂರುತ್ತಿದ್ದರು. ಆ ಪೊಲೀಸಿನವನು ಹೋಗಿ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತ. ನಾನು ಚಹಾ ಕಳಿಸಿದೆ, ಆರಿಹೋಯಿತು. ನಾಲ್ಕು ಗಂಟೆಗೆ ಫೋನು ಬಂತು.

"ಪುಟ್ಟಿ ಹೇಗಿದ್ದಾಳೆ?" ಎಂದರು ಮಾಸ್ತರರು. ಎಡಗೈ ಎನ್ನಲಿಲ್ಲ.

ಆ ಕಡೆಯಿಂದ ಹೆಂಡತಿ ಹೇಳಿದರು: "ಮನೇಲಿಲ್ಲ. ಮೊನ್ನೆ ಹೋದಳು. ಯಾವುದೋ ಊರಲ್ಲಿ ಸಣ್ಣ ಮಕ್ಕಳಿಗೆ ಬಾಕ್ಸಿಂಗ್ ಕಲಿಸೋಕೆ ಕರೆದಿದ್ದಾರಂತೆ. ಅವಳೂ ಅಲ್ಲೇ ಅಭ್ಯಾಸ ಮಾಡ್ಕೋತಾಳಂತೆ."

"ಯಾವ ಊರು?"

"ಹೇಳಬೇಡ ಅಂದಿದ್ದಾಳೆ. ಹೋಗೋ ಮುಂಚೆ ನನ್ನ ಒಂದು ಮಾತು ಕೇಳಿದಳು. ಮಕ್ಕಳು ಕೈ ಇಳಿಸಿದ್ರೆ ಕೂಗದೆ ಹೇಗಮ್ಮ ಹೇಳೋದು, ಅಂತ. ನಂಗೇನು ಗೊತ್ತು? ನಿಮ್ಮಪ್ಪನ್ನ ಕೇಳು ಅಂದೆ. ಬ್ಯಾಗು ಎತ್ಕೊಂಡು ಹೊರಟುಬಿಟ್ಟಳು. ಹೇಗೆ ಹೇಳೋದು? ಹೇಳಿ, ಫೋನು ಮಾಡಿದಾಗ ತಿಳಿಸ್ತೀನಿ."

ಕೋಲು ಅವರ ಪಕ್ಕದಲ್ಲೇ ಬೆಂಚಿಗೆ ಒರಗಿತ್ತು. ಮಾಸ್ತರರು ಅದನ್ನು ನೋಡಿದರು.

"ಅವಳೇ ಕಂಡ್ಕೋತಾಳೆ ಬಿಡು," ಎಂದರು.

ಫೋನು ಇಟ್ಟು, ಬೆಂಚಿನಿಂದೆದ್ದು, ರಸ್ತೆ ದಾಟಿ ಇಸ್ತ್ರಿ ಅಂಗಡಿಗೆ ಹೋದರು. ತೊಟ್ಟ ಅಂಗಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟು ಒಳಅಂಗಿಯಲ್ಲೇ ನಿಂತರು. ನಾನು ಚಹಾದ ಲೋಟ ತರುವ ನೆಪದಲ್ಲಿ ಹಿಂದೆಯೇ ಹೋಗಿದ್ದೆ.

"ಇದು ನಿನ್ನೆ ತಾನೇ ಮಾಡಿದ್ದು. ಸುಕ್ಕೇ ಇಲ್ಲ," ಎಂದಳು ಇಸ್ತ್ರಿ. ಒಂದು ತಿಂಗಳಲ್ಲಿ ಅವಳ ಮೊದಲ ಮಾತು.

"ಇನ್ನೊಂದ್ಸಲ ಮಾಡು."

ಅವಳು ಅವರ ಮುಖ ನೋಡಿದಳು, ಬಸ್ ನಿಲ್ದಾಣದ ಕಡೆ ನೋಡಿದಳು. ಏನೂ ಕೇಳದೆ ಅಂಗಿ ಹಾಸಿ ಪೆಟ್ಟಿಗೆ ಎತ್ತಿಕೊಂಡಳು. ಕಣ್ಣು ಇನ್ನೂ ಅವರ ಮೇಲೇ ಇತ್ತು. ಬಲಗೈ ರೂಢಿಯಿಂದ ಸರಿಯುತ್ತಿತ್ತು. ಎಡಗೈ ಬಟ್ಟೆ ಸವರುತ್ತ ಪೆಟ್ಟಿಗೆಯ ದಾರಿಗೇ ಬರುತ್ತಿತ್ತು. ಮಾಸ್ತರರು ಅದನ್ನು ನೋಡಿದರು. ನಾನೂ ನೋಡಿದೆ. ಅವರು ಬಾಯಿ ತೆರೆದು, ಹಲ್ಲು ಕಚ್ಚಿ ಮುಚ್ಚಿಕೊಂಡರು.

ಚುರ್ರೆಂದಿತು. ಅವಳು ಕೈ ಎಳೆದುಕೊಂಡು ಬೆರಳನ್ನು ಬಾಯಿಗಿಟ್ಟುಕೊಂಡಳು.

"ನೋಡಿದ್ರಲ್ಲ ಮಾಸ್ತರೇ," ಎಂದಳು ಮೆಲ್ಲಗೆ. "ಹೇಳಬಾರದಿತ್ತಾ?"

ಅಂಗಿಯನ್ನು ಮಡಚಿ ಕೈಗೆ ಕೊಟ್ಟಳು. ಅವರು ಅದನ್ನು ತೊಡಲಿಲ್ಲ. ನನ್ನ ಅಂಗಡಿಗೆ ಬಂದು ಸುಟ್ಟ ಗಾಯದ ಮುಲಾಮು ಕೇಳಿದರು, ಕೊಟ್ಟೆ. ಮತ್ತೆ ಅಲ್ಲಿಗೆ ಹೋಗಿ, ಅವಳು ಬೆನ್ನು ತಿರುಗಿಸಿದ್ದಾಗ ಮೇಜಿನ ಮೂಲೆಯಲ್ಲಿಟ್ಟು, ಜೇಬಿನಿಂದ ಹೊಸ ಪಟ್ಟಿಯ ಉರುಳೆಗಳನ್ನೂ ತೆಗೆದು ಅದರ ಪಕ್ಕದಲ್ಲಿಟ್ಟು, ಗೋದಾಮಿನ ಕಡೆಗೆ ನಡೆದರು.

ಮುಲಾಮನ್ನು ಅವಳು ಅವತ್ತೇ ಹಚ್ಚಿಕೊಂಡಳು. ಪಟ್ಟಿಗಳು ಅಲ್ಲೇ ಇವೆ.